ನಮ್ಮ ಕಾಲಿಗೆ ನಾವೇ ಅಡ್ಡ ಬರುವುದನ್ನು ಬಿಡುವುದು ಹೇಗೆ

ದಾವಣಗೆರೆಯ ಹದಡಿ ರಸ್ತೆ ಕಡೆ ನನ್ನದೊಂದು ಸಣ್ಣ ಸೈಬರ್ ಅಂಗಡಿ ಇದೆ. ಜೆರಾಕ್ಸ್, ಪ್ರಿಂಟು, ಆನ್‌ಲೈನ್ ಅರ್ಜಿ, ಇಷ್ಟೇ ವ್ಯಾಪಾರ. ಎಸ್‌ಡಿಎ, ಎಫ್‌ಡಿಎ, ಪಿಡಿಒ, ಪೊಲೀಸ್ ಕಾನ್‌ಸ್ಟೇಬಲ್, ಯಾವ ನೋಟಿಫಿಕೇಶನ್ ಬಂದರೂ ನಮಗೆ ಬೇಗ ಗೊತ್ತಾಗುತ್ತದೆ, ಯಾಕೆಂದರೆ ಬೆಳಿಗ್ಗೆ ಶಟರ್ ಎತ್ತುವ ಹೊತ್ತಿಗೇ ಮೂರ್ನಾಲ್ಕು ಜನ ಆಧಾರ್ ಕಾರ್ಡು, ಎಸ್ಸೆಸ್ಸೆಲ್ಸಿ ಮಾರ್ಕ್ಸ್ ಕಾರ್ಡು ಹಿಡಿದು ನಿಂತಿರುತ್ತಾರೆ. ಅರ್ಜಿ ಹಾಕುವ ದಿನ ಎಲ್ಲರ ಮುಖದಲ್ಲೂ ಒಂದು ಕಳೆ ಇರುತ್ತದೆ. ಫೀಸು ಕಟ್ಟಿ, ಪ್ರಿಂಟು ಮಡಚಿ ಜೇಬಿಗಿಟ್ಟುಕೊಂಡು ಹೋಗುವಾಗ ಅರ್ಧ ಕೆಲಸ ಸಿಕ್ಕೇಬಿಟ್ಟ ಹಾಗೆ ನಡೆಯುತ್ತಾರೆ.

ಕೆಲವು ತಿಂಗಳಾದ ಮೇಲೆ ಹಾಲ್ ಟಿಕೆಟ್ ಬಿಡುತ್ತಾರೆ. ಆಗ ಅವರಲ್ಲಿ ಎಷ್ಟೋ ಜನ ಬರುವುದೇ ಇಲ್ಲ.

ಜಗಳೂರು ತಾಲ್ಲೂಕಿನ ಒಬ್ಬ ಹುಡುಗ. ಬಿಕಾಂ ಮುಗಿಸಿ ನಿಟ್ಟುವಳ್ಳಿಯಲ್ಲಿ ರೂಮು ಮಾಡಿಕೊಂಡಿದ್ದ. ಮೂರು ವರ್ಷದಲ್ಲಿ ಅವನ ಐದು ಅರ್ಜಿ ನಾನೇ ಹಾಕಿದ್ದೇನೆ. ಪರೀಕ್ಷೆ ಬರೆದದ್ದು ಎರಡು. ಅದರಲ್ಲೂ ಒಂದಕ್ಕೆ, ಹಿಂದಿನ ರಾತ್ರಿ ಗೆಳೆಯನ ಅಕ್ಕನ ಮದುವೆ ಅಂತ ಹರಪನಹಳ್ಳಿಗೆ ಹೋಗಿ, ಎಲೆ ಹಾಕಿ, ಬಡಿಸಿ, ನಿದ್ದೆಗೆಟ್ಟು ಬೆಳಿಗ್ಗೆ ಸೀದಾ ಸೆಂಟರಿಗೆ ಹೋಗಿದ್ದ. ಹುಡುಗ ದಡ್ಡನಲ್ಲ. ಅಂಗಡಿಗೆ ಬಂದ ಬೇರೆ ಹುಡುಗರು ಯಾವುದೋ ರೀಸನಿಂಗ್ ಲೆಕ್ಕ ಹಿಡಿದು ಒದ್ದಾಡುತ್ತಿದ್ದರೆ ಇವನು ಕೌಂಟರಿಗೆ ಒರಗಿಕೊಂಡೇ ಉತ್ತರ ಹೇಳಿಬಿಡುತ್ತಿದ್ದ. ಒಂದು ಭಾನುವಾರ ಪರೀಕ್ಷೆ ನಡೆಯುವ ಹೊತ್ತಿಗೆ ಸರಿಯಾಗಿ ಅವನು ಟೀ ಅಂಗಡಿ ಮುಂದೆ ಮಂಡಕ್ಕಿ ತಿನ್ನುತ್ತಾ ನಿಂತಿದ್ದ.

‘ಯಾಕಪ್ಪಾ, ಇವತ್ತು ಪರೀಕ್ಷೆ ಅಲ್ವಾ?’ ಅಂದೆ.

‘ಓದಿರ್ಲಿಲ್ಲ ಅಣ್ಣ. ಸುಮ್ನೆ ಹೋಗಿ ಬರೆದು ಏನ್ ಮಾಡೋದು?’

ಮುಂದೆ ಕಟ್‌ಆಫ್ ಬಂದ ದಿನ ಅಂಗಡಿಗೆ ಬಂದು ಲಿಸ್ಟ್ ನೋಡಿದ. ಮಾಮೂಲಿ ದನಿಯಲ್ಲೇ ಅಂದ: ‘ಕೂತು ಓದಿದ್ರೆ ನನಗೂ ಆಗ್ತಿತ್ತು ಬಿಡಿ ಅಣ್ಣ.’

ಈ ಮಾತು ನಾನು ಸಾವಿರ ಸಲ ಕೇಳಿರಬಹುದು. ಮೊದಲೆಲ್ಲ ಇದು ಸೋಮಾರಿತನ ಅಂದುಕೊಂಡಿದ್ದೆ. ಈಗ ಹಾಗೆ ಅನ್ನಿಸುವುದಿಲ್ಲ. ‘ಓದಿದ್ರೆ ಆಗ್ತಿತ್ತು’ ಅನ್ನುವುದು ಆ ಹುಡುಗನ ಹತ್ತಿರ ಇರುವ ಒಂದೇ ಒಂದು ಆಸ್ತಿ. ಕಷ್ಟಪಟ್ಟು ಓದಿ, ಸರಿಯಾಗಿ ನಿದ್ದೆ ಮಾಡಿ, ಪೂರ್ತಿ ಬರೆದು ಫೇಲಾದರೆ ಆ ಆಸ್ತಿ ಹೋಗಿಬಿಡುತ್ತದೆ. ಅದಕ್ಕೇ ಅವನು ಅದನ್ನು ಪಣಕ್ಕೆ ಇಡುವುದಿಲ್ಲ.

ನೆಲ ಯಾರು ಡೊಂಕು ಮಾಡಿದ್ದು?

ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಅಂತ ನಮ್ಮಲ್ಲಿ ಗಾದೆ ಇದೆ. ಗಾದೆ ಹೇಳುವುದು ಕುಣಿತ ಕೆಟ್ಟ ಮೇಲೆ ಹುಡುಕುವ ನೆಪದ ಬಗ್ಗೆ. ನಾನು ನೋಡಿರುವ ಎಷ್ಟೋ ಜನ ಕುಣಿಯುವುದಕ್ಕೆ ಬರುವವರೇ. ಅವರು ಕುಣಿತಕ್ಕೆ ಮುಂಚೆಯೇ, ಯಾರೂ ನೋಡದ ಹೊತ್ತಿನಲ್ಲಿ, ತಾವೇ ಹಾರೆ ಗುದ್ದಲಿ ತಂದು ನೆಲ ಅಗೆದು ಡೊಂಕು ಮಾಡಿಟ್ಟುಕೊಂಡಿರುತ್ತಾರೆ. ಹಿಂದಿನ ರಾತ್ರಿಯ ಮದುವೆ, ಎರಡು ಗಂಟೆವರೆಗೆ ಮೊಬೈಲು, ಕೊನೇ ದಿನದವರೆಗೆ ಮುಟ್ಟದ ಪುಸ್ತಕ, ಇವೆಲ್ಲ ಹಾರೆ ಗುದ್ದಲಿಗಳೇ.

ಇದನ್ನು ಪರೀಕ್ಷೆ ಮಾಡಿ ನೋಡಿದವರಿದ್ದಾರೆ. ಸ್ಟೀವನ್ ಬರ್ಗ್ಲಾಸ್ ಮತ್ತು ಎಡ್ವರ್ಡ್ ಜೋನ್ಸ್ ಅನ್ನುವ ಅಮೆರಿಕದ ಮನಶ್ಶಾಸ್ತ್ರಜ್ಞರು 1978ರಲ್ಲಿ ಒಂದು ಪ್ರಯೋಗ ಪ್ರಕಟಿಸಿದರು. ಕಾಲೇಜು ವಿದ್ಯಾರ್ಥಿಗಳಿಗೆ ಒಂದಿಷ್ಟು ಪ್ರಶ್ನೆ ಕೊಟ್ಟರು. ಕೆಲವರಿಗೆ ಬಿಡಿಸಲು ಬರುವಂಥವು, ಕೆಲವರಿಗೆ ಉತ್ತರವೇ ಇಲ್ಲದಂಥವು. ಆದರೆ ಹೇಳಿದ್ದು ಮಾತ್ರ ಎಲ್ಲರಿಗೂ ಒಂದೇ: ಭಾಳ ಚೆನ್ನಾಗಿ ಮಾಡಿದ್ದೀರಿ. ಆಮೇಲೆ ಇನ್ನೊಂದು ಸುತ್ತು ಪ್ರಶ್ನೆ ಇದೆ, ಅದಕ್ಕೆ ಮುಂಚೆ ಎರಡು ಔಷಧಿಯಲ್ಲಿ ಒಂದನ್ನು ಆರಿಸಿಕೊಳ್ಳಿ ಅಂದರು. ಒಂದು ಬುದ್ಧಿ ಚುರುಕು ಮಾಡುತ್ತದೆ, ಇನ್ನೊಂದು ಮಂಕು ಮಾಡುತ್ತದೆ ಅಂತಲೂ ಬಿಡಿಸಿ ಹೇಳಿದರು. ಮಂಕು ಮಾಡುವ ಔಷಧಿ ಯಾರಾದರೂ ಕೇಳುತ್ತಾರಾ? ಕೇಳಿದರು. ಉತ್ತರವಿಲ್ಲದ ಪ್ರಶ್ನೆಗೆ ಏನೋ ಒಂದು ಗುರುತು ಹಾಕಿ, ಹೇಗೆ ಗೆದ್ದೆವು ಅಂತ ತಮಗೇ ಗೊತ್ತಿಲ್ಲದೆ ಶಹಬ್ಬಾಸ್ ಅನ್ನಿಸಿಕೊಂಡ ಗಂಡು ಹುಡುಗರು ಹೆಚ್ಚಾಗಿ ಅದನ್ನೇ ಆರಿಸಿದರು. ಹೆಣ್ಣುಮಕ್ಕಳಲ್ಲಿ ಆ ಪ್ರಯೋಗದಲ್ಲಿ ಹಾಗೆ ಕಾಣಲಿಲ್ಲ.

ಲೆಕ್ಕ ಸರಳ. ಎರಡನೇ ಸುತ್ತು ಕೆಟ್ಟರೆ ತಪ್ಪು ಔಷಧಿಯದ್ದು. ಚೆನ್ನಾಗಿ ಆದರೆ, ಔಷಧಿ ತಗೊಂಡೂ ಗೆದ್ದ ಶೂರ. ಎರಡು ಕಡೆಯಿಂದಲೂ ಮರ್ಯಾದೆ ಉಳಿಯುತ್ತದೆ. ಕಳೆದುಹೋಗುವುದು ಮಾರ್ಕ್ಸು ಒಂದೇ, ಅದು ತಕ್ಷಣ ನೋಯುವುದಿಲ್ಲ.

ನನಗೆ ಇದರಲ್ಲಿ ಕಣ್ಣಿಗೆ ಹೊಡೆದದ್ದು ಬೇರೆ. ಸೋತವರು ಹೀಗೆ ಮಾಡಿದ್ದಲ್ಲ. ಹೊಗಳಿಸಿಕೊಂಡವರು, ಅದೂ ಯಾಕೆ ಹೊಗಳಿದರು ಅಂತ ಗೊತ್ತಿಲ್ಲದವರು. ಈಗ ನಮ್ಮ ಮನೆಗಳ ಕಡೆ ತಿರುಗಿ. ಪಕ್ಕದ ಮನೆಯವರು ಬಂದಾಗ, ಮಗ ಎದುರಿಗೇ ಕೂತಿರುವಾಗ, ಅಪ್ಪ ಅಮ್ಮ ಏನು ಹೇಳುತ್ತಾರೆ? ‘ನಮ್ಮ ಹುಡುಗನಿಗೆ ಬುದ್ಧಿ ಭಾಳ ಇದೆ ಕಣ್ರೀ, ಓದಲ್ಲ ಅಷ್ಟೇ.’ ಪ್ರೀತಿಯಿಂದಲೇ ಹೇಳುತ್ತಾರೆ. ಆದರೆ ಆ ಹುಡುಗನ ಕಿವಿಗೆ ಅದು ಹೇಗೆ ಕೇಳಿಸುತ್ತದೆ ಯೋಚನೆ ಮಾಡಿ. ಓದದೇ ಇರುವವರೆಗೂ ಅವನು ಬುದ್ಧಿವಂತ. ಓದಿ ಕಮ್ಮಿ ಬಂದ ದಿನ ದಡ್ಡ. ಹಾಗಾದರೆ ಅವನು ಯಾಕೆ ಓದಬೇಕು?

1998ರಲ್ಲಿ ಕ್ಲಾಡಿಯಾ ಮುಲ್ಲರ್, ಕ್ಯಾರಲ್ ಡ್ವೆಕ್ ಅನ್ನುವವರು ಐದನೇ ತರಗತಿ ಮಕ್ಕಳ ಮೇಲೆ ನಡೆಸಿದ ಅಧ್ಯಯನದಲ್ಲೂ ಇದೇ ಕಂಡಿತ್ತು. ‘ನೀನು ಜಾಣ’ ಅಂತ ಹೊಗಳಿಸಿಕೊಂಡ ಮಕ್ಕಳು ಆಮೇಲೆ ಸುಲಭದ ಪ್ರಶ್ನೆಯನ್ನೇ ಜಾಸ್ತಿ ಆರಿಸಿದರು. ‘ಚೆನ್ನಾಗಿ ಶ್ರಮ ಹಾಕಿದೆ’ ಅನ್ನಿಸಿಕೊಂಡವರು ಕಷ್ಟದ್ದಕ್ಕೂ ಕೈ ಹಾಕಿದರು. ಮನೆಯಲ್ಲಿ ಓದುವ ಮಕ್ಕಳಿದ್ದರೆ ಇವತ್ತಿಂದಲೇ ಒಂದು ಬದಲಾವಣೆ ಮಾಡಿ. ಮಾರ್ಕ್ಸ್ ಕಾರ್ಡ್ ತಂದಾಗ ‘ಶಾಣ್ಯಾ ನನ್ನ ಮಗ’ ಅನ್ನುವ ಬದಲು ‘ಈ ಲೆಕ್ಕ ಹೇಗೆ ಬಿಡಿಸಿದೆ, ತೋರಿಸು’ ಅಂತ ಪಕ್ಕಕ್ಕೆ ಕೂರಿಸಿಕೊಳ್ಳಿ. ಅವನು ತೋರಿಸುತ್ತಾ ತೋರಿಸುತ್ತಾ, ಗೆದ್ದದ್ದು ಹೇಗೆ ಅಂತ ಅವನಿಗೇ ಗೊತ್ತಾಗುತ್ತದೆ.

ನೆಪ ಯಾವುದು, ನಿಜವಾದ ಅಡ್ಡಿ ಯಾವುದು

ಇಲ್ಲಿ ಎಚ್ಚರಿಕೆ ಬೇಕು. ಕೈ ಹಿಡಿದು ಎಳೆಯುವ ನಿಜವಾದ ಕಷ್ಟಗಳು ಬೇಕಾದಷ್ಟಿವೆ. ರಾತ್ರಿ ಪಾಳಿ ದುಡಿದು ಬಂದವನಿಗೆ, ಹಾಸಿಗೆ ಹಿಡಿದ ತಾಯಿಯನ್ನು ನೋಡಿಕೊಳ್ಳುವ ಹುಡುಗಿಗೆ, ಫೀಸಿಗೆ ದುಡ್ಡಿಲ್ಲದೆ ಕೊನೇ ದಿನದವರೆಗೂ ಕಾದವನಿಗೆ ‘ನೀನು ನೆಪ ಹೇಳ್ತಿದ್ದೀಯ’ ಅನ್ನುವುದು ತಪ್ಪು. ನಾನು ಯಾರಿಗೂ ಹಾಗೆ ಹೇಳುವುದಿಲ್ಲ, ನೀವೂ ಹೇಳಬೇಡಿ. ಇದು ನಮ್ಮನ್ನು ನಾವು ಕೇಳಿಕೊಳ್ಳಬೇಕಾದ ಪ್ರಶ್ನೆ.

ಕೇಳಿಕೊಳ್ಳುವ ರೀತಿ ಹೀಗೆ. ನಿಮ್ಮ ಅಡ್ಡಿ ಯಾವುದೋ ಅದನ್ನು ಒಂದು ಹಾಳೆಯಲ್ಲಿ ಬರೆಯಿರಿ. ಆಮೇಲೆ ಕಣ್ಣು ಮುಚ್ಚಿ, ನಾಳೆ ಬೆಳಿಗ್ಗೆ ಎದ್ದಾಗ ಅದು ಇಲ್ಲ ಅಂದುಕೊಳ್ಳಿ. ದುಡ್ಡು ಸಿಕ್ಕಿದೆ, ರಜೆ ಸಿಕ್ಕಿದೆ, ಮನೆಯವರು ಒಪ್ಪಿದ್ದಾರೆ. ಆಗ ಮೊದಲು ಏನಾಗುತ್ತದೆ? ‘ಅಬ್ಬಾ’ ಅಂತ ಎದೆ ಹಗುರಾಯಿತು ಅಂದರೆ ಅದು ನಿಜವಾದ ಅಡ್ಡಿ. ಅದಕ್ಕೆ ದಾರಿ ಹುಡುಕಬೇಕು, ಯಾರನ್ನಾದರೂ ಕೇಳಬೇಕು. ಹೊಟ್ಟೆಯಲ್ಲಿ ಕಲಸಿದ ಹಾಗಾಯಿತು ಅಂದರೆ ಅದು ನೀವು ಕಟ್ಟಿಕೊಂಡ ಬೇಲಿ.

ನನ್ನದೇ ಹೇಳುತ್ತೇನೆ. ಕೆಲವು ವರ್ಷದ ಹಿಂದೆ ನುಡಿ ಟೈಪಿಂಗು, ಟ್ಯಾಲಿ ಹೇಳಿಕೊಡುವ ಒಂದು ತರಗತಿ ಶುರು ಮಾಡಬೇಕು ಅಂತ ಭಾಳ ಆಸೆ ಇತ್ತು. ಪಕ್ಕದ ಮಳಿಗೆ ಖಾಲಿ ಇತ್ತು. ಎಲ್ಲರ ಹತ್ತಿರ ‘ಬಾಡಿಗೆ ಜಾಸ್ತಿ ಹೇಳ್ತಾರೆ, ಇಲ್ಲಾಂದ್ರೆ ಶುರು ಮಾಡಿಬಿಡ್ತಿದ್ದೆ’ ಅಂತ ಹೇಳಿಕೊಂಡು ತಿರುಗುತ್ತಿದ್ದೆ. ಒಂದು ಸಂಜೆ ಮಾಲೀಕರು ತಾವೇ ಬಂದು ಸ್ಟೂಲ್ ಎಳೆದು ಕೂತು, ‘ಆಯ್ತಪ್ಪಾ, ನೀನು ಹೇಳಿದಷ್ಟೇ ಕೊಡು, ನಾಳೆ ಬೀಗದ ಕೈ ತಗೋ’ ಅಂದರು. ಅವತ್ತು ರಾತ್ರಿ ನನಗೆ ಊಟ ಸೇರಲಿಲ್ಲ. ಖುಷಿ ಆಗಬೇಕಿತ್ತು ಅಲ್ವಾ? ಮಗ್ಗುಲು ಬದಲಿಸುತ್ತಾ ಬದಲಿಸುತ್ತಾ ಬೆಳಗಿನ ಜಾವ ನಾನು ಒಂದು ಹೊಸ ನೆಪ ಹುಡುಕಿಕೊಂಡಿದ್ದೆ: ಆಷಾಢ. ಆಷಾಢ ಕಳೆಯಲಿ ಅಂದೆ. ಶ್ರಾವಣದಲ್ಲಿ ಹಬ್ಬಗಳ ಗಡಿಬಿಡಿ ಅಂದೆ. ಗಣಪತಿ ಬಂದ, ದಸರಾ ಬಂತು, ದೀಪಾವಳಿ ಮುಗಿದ ಮೇಲೆ ಒಳ್ಳೆ ದಿನ ನೋಡೋಣ ಅಂದೆ. ಅಷ್ಟರಲ್ಲಿ ಆ ಮಳಿಗೆಗೆ ಬೇಕರಿ ಬಂದಿತ್ತು. ಬಾಡಿಗೆಯ ಮಾತು ಸುಳ್ಳಾಗಿರಲಿಲ್ಲ. ಆದರೆ ನನ್ನನ್ನು ತಡೆದದ್ದು ಬಾಡಿಗೆ ಆಗಿರಲಿಲ್ಲ. ತರಗತಿ ಶುರು ಮಾಡಿ ನಾಲ್ಕೇ ಜನ ಬಂದರೆ, ಇಡೀ ರಸ್ತೆಗೆ ಅದು ಗೊತ್ತಾಗುತ್ತದಲ್ಲ ಅನ್ನುವ ಅಳುಕು.

ನಮ್ಮ ಪಕ್ಕದ ಹಿರಿಯೂರಿನ ಮಾರಿಕಣಿವೆ ನೋಡಿ. ವೇದಾವತಿಗೆ ಕಟ್ಟಿದ ಆ ವಾಣಿವಿಲಾಸ ಸಾಗರ 1933ರಲ್ಲಿ ಕೋಡಿ ಬಿದ್ದ ಮೇಲೆ ಮತ್ತೆ ಕೋಡಿ ಬಿದ್ದದ್ದು 2022ರಲ್ಲಿ. 89 ವರ್ಷ! ಅವತ್ತು ಚಿತ್ರದುರ್ಗ ದಾವಣಗೆರೆಯಿಂದೆಲ್ಲ ಜನ ನೋಡಲು ಹೋಗಿದ್ದರು. ಆದರೆ ಈ ನಡುವೆ ಅಲ್ಲಿಯ ರೈತರು ಕೆರೆ ತುಂಬಲಿ, 130 ಅಡಿ ಮುಟ್ಟಲಿ, ಆಮೇಲೆ ಬಿತ್ತೋಣ ಅಂತ ಕೂತಿರಲಿಲ್ಲ. ಎಷ್ಟು ನೀರು ಇತ್ತೋ ಅಷ್ಟರಲ್ಲೇ ನಾಲೆಗೆ ಬಿಡಿಸಿಕೊಂಡು, ನೀರು ತಳ ಕಂಡ ವರ್ಷ ಬೋರ್‌ವೆಲ್ ಕೊರೆಸಿ, ತೆಂಗು ಅಡಿಕೆ ಉಳಿಸಿಕೊಂಡರು. ನನಗೆ ‘ಒಳ್ಳೆ ಟೈಮ್ ಬರಲಿ’ ಅನ್ನಿಸಿದಾಗಲೆಲ್ಲ ಈಗ ಆ ಕೋಡಿ ನೆನಪಾಗುತ್ತದೆ.

ಗೆದ್ದರೆ ಏನಾಗುತ್ತೆ ಅನ್ನುವ ಭಯ

ಇನ್ನೊಂದು ಥರದವರಿದ್ದಾರೆ. ಅವರಿಗೆ ಸೋಲಿನ ಭಯ ಕಮ್ಮಿ. ಗೆದ್ದುಬಿಟ್ಟರೆ ಏನು ಗತಿ ಅನ್ನುವುದೇ ಭಯ. ಇದು ವಿಚಿತ್ರ ಅನ್ನಿಸಬಹುದು. ಹತ್ತಿರದಿಂದ ನೋಡಿದರೆ ಏನೂ ವಿಚಿತ್ರ ಇಲ್ಲ.

ನಮ್ಮ ಬೀದಿಯಲ್ಲಿ ಒಬ್ಬ ಅಕ್ಕ ಮನೆಯಲ್ಲೇ ಜೋಳದ ರೊಟ್ಟಿ, ಶೇಂಗಾ ಚಟ್ನಿಪುಡಿ ಮಾಡಿ ಕೊಡುತ್ತಾರೆ. ಅವರ ರೊಟ್ಟಿ ಕಾಗದದಷ್ಟು ತೆಳು. ಹಂಚಿನ ಮೇಲೆ ನೀರು ಸವರಿದ ಬಟ್ಟೆ ಆಡಿಸಿ, ತಿರುವಿ ಹಾಕಿ, ಕೆಂಡದ ಕಡೆ ವಾಲಿಸಿದರೆ ಪುರಿ ಥರ ಉಬ್ಬುತ್ತದೆ. ಬೋರ್ಡು ಇಲ್ಲ, ಫೋನ್ ನಂಬರು ಕೂಡ ಗೊತ್ತಿದ್ದವರಿಗಷ್ಟೇ. ಹತ್ತಿರದ ಒಂದು ಪಿಜಿಯವರು ಬಂದು ದಿನಾ 200 ರೊಟ್ಟಿ ಬೇಕು, ಮುಂಗಡ ಕೊಡುತ್ತೇವೆ ಅಂದರು. ಅಕ್ಕ ಆಗಲ್ಲ ಅಂದುಬಿಟ್ಟರು. ವಿಸಿಟಿಂಗ್ ಕಾರ್ಡು ಮಾಡಿಸಿಕೊಡುತ್ತೇನೆ ಅಂತ ನಾನು ಹೇಳಿದ್ದಕ್ಕೆ, ‘ಬ್ಯಾಡಪ್ಪಾ, ಹಾಸಿಗೆ ಇದ್ದಷ್ಟು ಕಾಲು ಚಾಚಬೇಕು’ ಅಂದರು.

ಆ ಗಾದೆ ಖರ್ಚಿನ ಬಗ್ಗೆ ಹೇಳಿದ್ದು. ದುಡಿಮೆಗೆ ಅದನ್ನು ಹಚ್ಚಿದ್ದು ಯಾರೋ ನನಗೆ ಗೊತ್ತಿಲ್ಲ, ಆದರೆ ನಮ್ಮ ಕಡೆ ಅದರಿಂದ ಎಷ್ಟು ಜನ ಕಾಲು ಮಡಚಿಕೊಂಡೇ ಮಲಗಿದ್ದಾರೋ ನೆನೆಸಿಕೊಂಡರೆ ಸಂಕಟ ಆಗುತ್ತದೆ.

ಆಮೇಲೆ ನಿಧಾನಕ್ಕೆ ಮಾತಾಡುತ್ತಾ ಮಾತಾಡುತ್ತಾ ನಿಜ ಹೊರಗೆ ಬಂತು. 200 ರೊಟ್ಟಿ ಅಂದರೆ ಆ ಮನೆಯಲ್ಲಿ ಗಂಡನ ಸಂಬಳಕ್ಕಿಂತ ಅಕ್ಕನ ದುಡ್ಡೇ ಜಾಸ್ತಿ ಆಗುತ್ತದೆ. ನಾದಿನಿ ಪಕ್ಕದ ಓಣಿಯಲ್ಲೇ ಇದ್ದಾಳೆ, ಅವಳ ಕಣ್ಣು. ನೆಂಟರು ಸಾಲ ಕೇಳುತ್ತಾರೆ. ದೃಷ್ಟಿ ಆಗುತ್ತದೆ. ಇದರಲ್ಲಿ ಒಂದೂ ಹುಚ್ಚು ಯೋಚನೆ ಅಲ್ಲ. ಎಲ್ಲ ಆಗುವಂಥದ್ದೇ.

1960ರ ದಶಕದ ಕೊನೆಗೆ ಅಮೆರಿಕದಲ್ಲಿ ಮಟೀನಾ ಹಾರ್ನರ್ ಅನ್ನುವವರು ಕಾಲೇಜು ಹುಡುಗಿಯರಿಗೆ ಕಥೆಯ ಒಂದು ಸಾಲು ಕೊಟ್ಟರು. ಆ್ಯನ್ ಅನ್ನುವ ಹುಡುಗಿ ಮೆಡಿಕಲ್ ಕಾಲೇಜಿನ ಮೊದಲ ಪರೀಕ್ಷೆಯಲ್ಲಿ ತರಗತಿಗೇ ಮೊದಲು ಬಂದಿದ್ದಾಳೆ, ಕಥೆ ಮುಂದುವರಿಸಿ ಅಂದರು. ಅರ್ಧಕ್ಕಿಂತ ಜಾಸ್ತಿ ಹುಡುಗಿಯರು ಆ್ಯನ್‌ಗೆ ಕೆಟ್ಟದ್ದೇ ಬರೆದರು: ಗೆಳತಿಯರು ದೂರ ಆದರು, ಒಂಟಿ ಆದಳು, ಹೀಗೆ. ಹುಡುಗರಿಗೆ ಅದೇ ಸಾಲನ್ನು ಜಾನ್ ಅನ್ನುವ ಹುಡುಗನ ಹೆಸರಲ್ಲಿ ಕೊಟ್ಟಾಗ ಅಂಥ ಕಥೆ ಬರೆದವರು ಕಮ್ಮಿ. ಹಾರ್ನರ್ ಇದನ್ನು ಗೆಲುವಿನ ಭಯ ಅಂದರು. ಆಮೇಲೆ ಬಂದವರು ಒಪ್ಪಲಿಲ್ಲ, ಅದು ಹುಡುಗಿಯರ ಮನಸ್ಸಿನೊಳಗಿನ ಭಯ ಅಲ್ಲ, ಗೆದ್ದ ಹೆಣ್ಣನ್ನು ಜನ ಹೇಗೆ ನಡೆಸಿಕೊಳ್ಳುತ್ತಾರೆ ಅಂತ ಅವರಿಗೆ ಗೊತ್ತಿತ್ತು ಅಂತ ವಾದ ಮಾಡಿದರು. ನಮ್ಮ ರೊಟ್ಟಿ ಅಕ್ಕನನ್ನು ನೋಡಿದ ಮೇಲೆ ನಾನು ಆ ಎರಡನೆಯವರ ಕಡೆ.

ಹಾಗಾಗಿ ಇಂಥವರಿಗೆ ‘ಜನ ಏನಂದರೂ ಕೇರ್ ಮಾಡಬೇಡಿ’ ಅನ್ನುವ ಸಲಹೆ ಕೊಡಬೇಡಿ. ಅದು ಉಪಯೋಗಕ್ಕೆ ಬರುವುದಿಲ್ಲ, ಯಾಕೆಂದರೆ ಆ ‘ಜನ’ ಅಂದರೆ ಗಂಡ, ನಾದಿನಿ, ಅತ್ತೆ, ಅಣ್ಣ. ಅವರ ಜೊತೆಗೇ ಬದುಕಬೇಕು. ಬದಲಿಗೆ ಒಂದು ಕೆಲಸ ಮಾಡಿ. ‘ಜನ’ ಅನ್ನುವ ಪದ ಹೊಡೆದುಹಾಕಿ, ಅಲ್ಲಿ ಹೆಸರು ಬರೆಯಿರಿ. ನಾನು ಮೇಲೆ ಬಂದರೆ ಯಾರಿಗೆ ಕಸಿವಿಸಿ ಆಗುತ್ತದೆ? ನಿಜವಾಗಿ ಎಣಿಸಿದರೆ ಸಾಮಾನ್ಯವಾಗಿ ಎರಡೋ ಮೂರೋ ಹೆಸರು ಉಳಿಯುತ್ತವೆ. ಊರಿಗೆ ಊರೇ ನೋಡುತ್ತಿದೆ ಅಂತ ಅನ್ನಿಸಿದ್ದು, ಬರೆದಾಗ ಮೂರು ಜನ. ಆಮೇಲೆ ಅವರಲ್ಲಿ ಒಬ್ಬರ ಹತ್ತಿರ ಕೆಲಸ ಶುರು ಮಾಡುವ ಮುಂಚೆಯೇ ಹೋಗಿ ಮಾತಾಡಿ. ಆದ ಮೇಲೆ ಗೊತ್ತಾದರೆ ನೋವು, ಮೊದಲೇ ಕೇಳಿದರೆ ಪಾಲು.

ಅಕ್ಕ ಹಾಗೇ ಮಾಡಿದರು. ನಾದಿನಿಯನ್ನು ಕರೆದು, ‘ನೀನು ಹಿಟ್ಟು ನಾದಿ ಬಡಿದು ಕೊಡು, ನಾನು ಸುಡ್ತೀನಿ, ಬಂದದ್ದರಲ್ಲಿ ಇಷ್ಟು ನಿಂದು’ ಅಂದರು. ಪಿಜಿಯವರಿಗೆ 200 ಬೇಡ, ಒಂದು ವಾರ 50 ಕೊಡುತ್ತೇನೆ, ಆಮೇಲೆ ನೋಡೋಣ ಅಂದರು. ಮೊದಲ ವಾರ ಕೈ ಬೊಬ್ಬೆ ಬಂತು. ಮೂರನೇ ವಾರಕ್ಕೆ 120ಕ್ಕೆ ಬಂದರು, ಅಲ್ಲಿಗೇ ನಿಲ್ಲಿಸಿದರು. 200 ಮಾಡಲಿಲ್ಲ. ನನಗೆ ಅದು ಪೂರ್ತಿ ಸರಿ ಅನ್ನಿಸುತ್ತದೆ. ಎಷ್ಟು ಬೇಕು ಅಂತ ತಾವೇ ಮಾಡಿ ನೋಡಿ ನಿರ್ಧಾರ ಮಾಡಿದರು, ಹೆದರಿ ಅಲ್ಲ.

ಒಂದು ಶನಿವಾರ, ನೆಪ ಇಲ್ಲದೆ

ಈಗ ಆ ಜಗಳೂರು ಹುಡುಗನ ವಿಷಯಕ್ಕೆ ಬರುತ್ತೇನೆ, ಯಾಕೆಂದರೆ ಈ ಬರಹದಲ್ಲಿ ನೀವು ಒಂದೇ ಒಂದು ವಿಷಯ ತಗೊಂಡು ಹೋಗುವುದಾದರೆ ಇದನ್ನೇ ತಗೊಂಡು ಹೋಗಿ.

ಅವನಿಗೆ ನಾನು ದೊಡ್ಡ ಉಪದೇಶ ಮಾಡಲಿಲ್ಲ. ‘ಒಂದೇ ಒಂದು ಸಲ, ಸಣ್ಣದರಲ್ಲಿ, ಪೂರ್ತಿ ಪ್ರಯತ್ನ ಮಾಡಿ ನೋಡು’ ಅಂದೆ. ಇಡೀ ಸಿಲಬಸ್ ಬೇಡ. ಒಂದು ವಾರ, ಎರಡು ವಿಷಯ: ಸಂವಿಧಾನ, ಕರ್ನಾಟಕದ ಇತಿಹಾಸ. ಶನಿವಾರ ಮಧ್ಯಾಹ್ನ ಊಟದ ಹೊತ್ತಲ್ಲಿ ಅಂಗಡಿ ಖಾಲಿ ಇರುತ್ತದೆ, ಆಗ ನಾನು ಹಳೇ ಪೇಪರುಗಳಿಂದ ಆರಿಸಿ 100 ಪ್ರಶ್ನೆ ಪ್ರಿಂಟು ತೆಗೆದು ಕೊಡುತ್ತೇನೆ. ತಪ್ಪಿಗೆ ಕಾಲು ಮಾರ್ಕ್ಸ್ ಕಡಿತ, ನಿಜವಾದ ಪರೀಕ್ಷೆಯ ಹಾಗೇ. ಷರತ್ತು ಒಂದೇ. ಆ ವಾರ ಯಾವ ನೆಪವೂ ಉಳಿಯಬಾರದು. ಶುಕ್ರವಾರ ರಾತ್ರಿ ಹತ್ತೂವರೆಗೆ ಮಲಗಬೇಕು. ಮದುವೆ ಇಲ್ಲ, ಮ್ಯಾಚ್ ಇಲ್ಲ.

ಅವನಿಗೆ ಮೊದಲು ಇದು ಸಣ್ಣ ವಿಷಯ ಅನ್ನಿಸಿತು. ಗುರುವಾರ ಬಂದು ‘ಅಣ್ಣ, ಈ ವಾರ ಬ್ಯಾಡ, ಊರಿಂದ ಅಪ್ಪ ಬರ್ತಾರೆ’ ಅಂದ. ನಾನು ಏನೂ ಅನ್ನಲಿಲ್ಲ. ಅವನೇ ಸ್ವಲ್ಪ ಹೊತ್ತು ನಿಂತು, ‘ಬರ್ಲಿ ಬಿಡಿ, ಅವರೇನು ಇಡೀ ದಿನ ಇರಲ್ಲ’ ಅಂತ ವಾಪಸ್ ಹೋದ. ನನ್ನ ಲೆಕ್ಕದಲ್ಲಿ ಅವನು ಗೆದ್ದದ್ದು ಆ ಗುರುವಾರವೇ.

ಶನಿವಾರ ಬರೆದ. ಕೀ ಆನ್ಸರ್ ಇಟ್ಟುಕೊಂಡು ನಾನೇ ತಿದ್ದಿದೆ. ಸರಿ ಬಂದದ್ದು 54. ಕಡಿತ ಹೋಗಿ 43 ಚಿಲ್ಲರೆ. ಅವನ ಮುಖ ಇಳಿದುಹೋಯಿತು. ಪೂರ್ತಿ ಓದಿದ್ದ, ಪೂರ್ತಿ ನಿದ್ದೆ ಮಾಡಿದ್ದ, ಹೇಳುವುದಕ್ಕೆ ಏನೂ ಉಳಿದಿರಲಿಲ್ಲ. ‘ಓದಿದ್ರೆ ಆಗ್ತಿತ್ತು’ ಅನ್ನುವ ಮಾತು ಆ ಟೇಬಲ್ ಮೇಲೆ ಸತ್ತುಬಿತ್ತು. ಐದು ನಿಮಿಷ ಫ್ಯಾನ್ ಸದ್ದು ಬಿಟ್ಟರೆ ಬೇರೆ ಮಾತಿಲ್ಲ. ನನಗೆ ಹೆದರಿಕೆ ಆಯಿತು, ಇವನು ಇನ್ನು ಬರುವುದಿಲ್ಲ ಅಂತ. ಆಮೇಲೆ ಅವನು ಪೇಪರ್ ತನ್ನ ಕಡೆ ಎಳೆದುಕೊಂಡು ಕೇಳಿದ: ‘ಯಾವ್ಯಾವುದು ತಪ್ಪಾಗಿದೆ ಅಣ್ಣ?’

ಮೂರು ವರ್ಷದಲ್ಲಿ ಅವನ ಬಾಯಲ್ಲಿ ಈ ಪ್ರಶ್ನೆ ನಾನು ಕೇಳಿರಲಿಲ್ಲ. ಅರ್ಧ ಮನಸ್ಸಿನಿಂದ ಬರೆದ ಪರೀಕ್ಷೆಯ ತಪ್ಪು ಯಾರಿಗೂ ಏನೂ ಕಲಿಸುವುದಿಲ್ಲ, ಯಾಕೆಂದರೆ ಅದು ಓದದೆ ಆದ ತಪ್ಪೋ, ಅರ್ಥವಾಗದೆ ಆದದ್ದೋ, ನಿದ್ದೆಗಣ್ಣಿಂದ ಆದದ್ದೋ ಹೇಳುವುದಕ್ಕೇ ಬರುವುದಿಲ್ಲ.

ನಿಮ್ಮ ಕೆಲಸ ಪರೀಕ್ಷೆಯೇ ಆಗಬೇಕಿಲ್ಲ. ಅಂಗಡಿ ಇಡಬೇಕು ಅಂತಿದ್ದರೆ ಒಂದು ಭಾನುವಾರದ ಸಂತೆಯಲ್ಲಿ ಒಂದೇ ಸಾಮಾನು ಇಟ್ಟು ಮಾರಿ. ಇಂಟರ್‌ವ್ಯೂಗೆ ಹೆದರಿಕೆ ಇದ್ದರೆ ಒಬ್ಬ ಗೆಳೆಯನ ಎದುರು ಕೂತು ಹತ್ತೇ ನಿಮಿಷ ಉತ್ತರ ಹೇಳಿ, ಮೊಬೈಲಲ್ಲಿ ರೆಕಾರ್ಡ್ ಮಾಡಿ ಕೇಳಿ. ಸಣ್ಣದು ಇರಲಿ, ಆದರೆ ಅದರಲ್ಲಿ ಏನೂ ಉಳಿಸಿಕೊಳ್ಳಬೇಡಿ. ಸೋತರೂ ಸಣ್ಣ ಸೋಲು. ಒಂದು ಸಲ ನೆಪ ಇಲ್ಲದೆ ಸೋತು ಮಾರನೇ ದಿನ ಎದ್ದು ಚಹಾ ಕುಡಿದವನಿಗೆ, ಅದರಿಂದ ಜೀವ ಹೋಗುವುದಿಲ್ಲ ಅಂತ ಮೈಗೇ ಗೊತ್ತಾಗುತ್ತದೆ.

ಗೆದ್ದರೆ ಇನ್ನೊಂದು ಕೆಲಸ. ಹೇಗೆ ಗೆದ್ದಿರಿ ಅಂತ ಬರೆದಿಡಿ. ಆ ಪ್ರಯೋಗದ ಹುಡುಗರು ಮಂಕಿನ ಔಷಧಿ ಕೇಳಿದ್ದು ಹೇಗೆ ಗೆದ್ದೆವು ಅಂತ ಗೊತ್ತಿಲ್ಲದ್ದಕ್ಕೆ ಅಲ್ವಾ? ಒಂದು ನೋಟ್‌ಬುಕ್ ಇಟ್ಟು, ‘ಈ ವಾರ 60 ಸರಿ ಬಂತು, ಎರಡು ಸಲ ಓದಿದ್ದೆ, ಬೆಳಿಗ್ಗೆ ಓದಿದ್ದು ನೆನಪಿತ್ತು’ ಅಂತ ಎರಡು ಸಾಲು ಬರೆಯಿರಿ. ಕನ್ನಡ ಮೀಡಿಯಮ್ಮಿನಲ್ಲಿ ಓದಿ ಬೆಂಗಳೂರಿನ ಕಂಪನಿಗೆ ಹೋದ ನಮ್ಮ ಎಷ್ಟೋ ಮಕ್ಕಳಿಗೆ ‘ಇದು ನಮ್ಮಂಥೋರಿಗಲ್ಲ, ಯಾವತ್ತೋ ಒಂದು ದಿನ ಸಿಕ್ಕಿಬೀಳ್ತೀನಿ’ ಅನ್ನುವ ದಿಗಿಲು ಇರುತ್ತದೆ. ಅವರಿಗೂ ಈ ನೋಟ್‌ಬುಕ್ ಬೇಕು.

ಇನ್ನೆರಡು ಸಣ್ಣ ಮಾತು

ಶುರು ಮಾಡುವ ಕ್ಷಣವೇ ಕಷ್ಟ. ‘ನಾಳೆಯಿಂದ ಓದ್ತೀನಿ’ ಅಂತ ನಿರ್ಧಾರ ಮಾಡಬೇಡಿ. ಯಾವುದಾದರೂ ದಿನಾ ಮಾಡುವ ಕೆಲಸಕ್ಕೆ ಅದನ್ನು ಗಂಟು ಹಾಕಿ: ‘ಬೆಳಿಗ್ಗೆ ಚಹಾ ಲೋಟ ತೊಳೆದು ಬೋರಲು ಹಾಕಿದ ಕೂಡಲೇ ಪುಸ್ತಕ ತೆಗೀತೀನಿ.’ ಪೀಟರ್ ಗೋಲ್‌ವಿಟ್ಜರ್ ಅನ್ನುವ ಮನಶ್ಶಾಸ್ತ್ರಜ್ಞ ಇದರ ಮೇಲೆ ಬಹಳ ವರ್ಷ ಕೆಲಸ ಮಾಡಿದ್ದಾರೆ. ‘ಇದಾದರೆ ಇದನ್ನು ಮಾಡುತ್ತೇನೆ’ ಅಂತ ಹೊತ್ತು, ಜಾಗ ಗೊತ್ತು ಮಾಡಿಕೊಂಡವರು ಬರೀ ಆಸೆ ಇಟ್ಟುಕೊಂಡವರಿಗಿಂತ ಜಾಸ್ತಿ ಮಾಡಿ ಮುಗಿಸುತ್ತಾರೆ ಅಂತ ಅವರ ಅಧ್ಯಯನಗಳು ತೋರಿಸಿವೆ. ಅದೇ ರೀತಿ ನೆಪಕ್ಕೂ ಮೊದಲೇ ಉತ್ತರ ಇಟ್ಟುಕೊಳ್ಳಿ. ಎರಡು ವರ್ಷಕ್ಕೊಮ್ಮೆ ದುಗ್ಗಮ್ಮನ ಜಾತ್ರೆಗೆ ಮನೆ ತುಂಬ ನೆಂಟರು ಬಂದೇ ಬರುತ್ತಾರೆ, ಅದು ಮೊದಲೇ ಗೊತ್ತಿರುವ ವಿಷಯ. ‘ನೆಂಟರು ಬಂದರೆ ಆ ಮೂರು ದಿನ ಲೈಬ್ರರಿಯಲ್ಲಿ ಓದುತ್ತೇನೆ’ ಅಂತ ಈಗಲೇ ಬರೆದಿಟ್ಟರೆ ಜಾತ್ರೆ ಅಡ್ಡಿ ಆಗುವುದಿಲ್ಲ.

ಎರಡನೆಯದು, ಊರಿಗೆಲ್ಲ ಹೇಳಬೇಡಿ. ಸ್ಟೇಟಸ್ ಹಾಕಬೇಡಿ. ಒಬ್ಬರಿಗೆ ಮಾತ್ರ ಹೇಳಿ, ಅದೂ ಮುಂದಿನ ವಾರ ‘ಏನಾಯ್ತು?’ ಅಂತ ಕೇಳುವವರಿಗೆ. ಬೈಯುವವರು ಬೇಡ, ಪಾಪ ಅನ್ನುವವರೂ ಬೇಡ. ಕೇಳುವವರು ಸಾಕು.

ಇನ್ನೊಂದು ಹೇಳಲೇಬೇಕು. ವಾರಗಟ್ಟಲೆ ಯಾವುದರಲ್ಲೂ ಮನಸ್ಸಿಲ್ಲ, ಇಷ್ಟವಾದ ಕೆಲಸವೂ ಬೇಡ, ನಿದ್ದೆ ಇಲ್ಲ ಅಥವಾ ಇಡೀ ದಿನ ನಿದ್ದೆ, ಬದುಕಿ ಏನು ಮಾಡಲಿ ಅನ್ನಿಸುತ್ತದೆ ಅಂದರೆ ಅದು ನೆಪವೂ ಅಲ್ಲ, ಹಿಂಜರಿಕೆಯೂ ಅಲ್ಲ. ಅದು ಕಾಯಿಲೆ, ಅದಕ್ಕೆ ಚಿಕಿತ್ಸೆ ಇದೆ. ಜಿಲ್ಲಾ ಆಸ್ಪತ್ರೆಗೆ ಹೋಗಿ ಮನೋವೈದ್ಯರನ್ನು ಕೇಳಿ. ಟೆಲಿ ಮಾನಸ್ ಅನ್ನುವ ಸರ್ಕಾರದ ಸಹಾಯವಾಣಿ ಇದೆ, 14416ಕ್ಕೆ ಫೋನ್ ಮಾಡಿದರೆ ಕನ್ನಡದಲ್ಲೇ ಮಾತಾಡಬಹುದು, ದುಡ್ಡಿಲ್ಲ. ಅಂಥವರಿಗೆ ಶನಿವಾರದ ಪೇಪರ್ ಕೊಡಬೇಡಿ, ಜೊತೆಗೆ ಆಸ್ಪತ್ರೆಗೆ ಹೋಗಿ.

ಹುಡುಗ ಮುಂದಿನ ಶನಿವಾರ ಬಂದ. ಅದರ ಮುಂದಿನದ್ದಕ್ಕೂ ಬಂದ. ಜೆರಾಕ್ಸ್ ಮಷೀನಿನ ಪಕ್ಕದ ಗೋಡೆಗೆ ಹಳೇ ಕ್ಯಾಲೆಂಡರ್ ಹಾಳೆ ತಿರುಗಿಸಿ ಅಂಟಿಸಿ ಪ್ರತಿ ವಾರದ ಮಾರ್ಕ್ಸು ಅವನೇ ಬರೆಯುತ್ತಿದ್ದ. 43, 47, 45, 52. ಈಗ ಅವನ ಜೊತೆ ಇನ್ನೂ ಮೂರು ಜನ ಬಂದು ಬರೆಯುತ್ತಾರೆ, ಅದರಲ್ಲಿ ಇಬ್ಬರು ಹುಡುಗಿಯರು, ಸ್ಟೂಲ್ ಸಾಲದೆ ಒಬ್ಬರು ಪೇಪರ್ ರಿಮ್ಮಿನ ಡಬ್ಬದ ಮೇಲೆ ಕೂರುತ್ತಾರೆ. ಆರನೇ ಅರ್ಜಿಯ ಹಾಲ್ ಟಿಕೆಟ್ ಬಿಟ್ಟ ದಿನ ಬೆಳಿಗ್ಗೆ ನಾನು ಶಟರ್ ಎತ್ತುವ ಮೊದಲೇ ಬಂದು ನಿಂತಿದ್ದ. ಸೆಂಟರ್ ಚಿತ್ರದುರ್ಗಕ್ಕೆ ಬಿದ್ದಿತ್ತು. ಹಿಂದಿನ ದಿನವೇ ಹೋಗಿ ಚಿಕ್ಕಪ್ಪನ ಮನೆಯಲ್ಲಿ ಉಳಿದು, ಬೇಗ ಮಲಗಿ, ಬರೆದು ಬಂದ.

ಆ ಸಲ ಅವನಿಗೆ ಆಗಲಿಲ್ಲ. ಲಿಸ್ಟ್ ಬಂದ ದಿನ ಅಂಗಡಿಗೆ ಬಂದು ಎರಡು ಸಲ ನೋಡಿದ. ನಾನು ಏನು ಹೇಳುವುದು ಅಂತ ಗೊತ್ತಾಗದೆ ಪ್ರಿಂಟರಿಗೆ ಹಾಳೆ ತುಂಬುತ್ತಾ ನಿಂತಿದ್ದೆ.

‘ಎಂಟು ಪ್ರಶ್ನೆ ಕಮ್ಮಿ ಬಿತ್ತು ಅಣ್ಣ’ ಅಂದ. ‘ಅದರಲ್ಲಿ ಐದು ಸಂವಿಧಾನದ್ದು.’